ಫಿಸಿಕ್ಸ್ ಮಾಸ್ತರಿಗೆ ಕಲಿಸೋರು ಯಾರು?

ಮೊದಲು ಒಂದು ಪ್ರಶ್ನೆ. ಒಂದು ಉದ್ದನೆಯ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಅದರ ಬದಿಗೆ ಮೇಲೊಂದು, ನಡುವೆ ಒಂದು, ಕೆಳಗೊಂದು, ಹೀಗೆ ಮೂರು ತೂತು ಮಾಡಿ. ನೀರು ತುಂಬಿ ಮೇಜಿನ ಮೇಲಿಡಿ. ಯಾವ ತೂತಿನ ನೀರು ಮೇಜಿನ ಮೇಲೆ ಎಲ್ಲಕ್ಕಿಂತ ದೂರ ಹೋಗಿ ಬೀಳುತ್ತೆ?

"ಕೆಳಗಿಂದು" ಅಂದ್ರಾ? ಹೈಸ್ಕೂಲಿನಲ್ಲಿ ಆ ಚಿತ್ರ ಬಿಡಿಸಿದವರು ಹೆಚ್ಚಾಗಿ ಹಾಗೇ ಹೇಳೋದು. ಆಳ ಹೆಚ್ಚಾದಂತೆ ಒತ್ತಡ ಹೆಚ್ಚು, ಅದಕ್ಕೇ ಕೆಳಗಿನ ನೀರು ಜೋರಾಗಿ ಚಿಮ್ಮುತ್ತೆ. ಇದು ಸರಿ. ಆದರೆ ಜೋರಾಗಿ ಚಿಮ್ಮೋದು ಬೇರೆ, ದೂರ ಹೋಗಿ ಬೀಳೋದು ಬೇರೆ. ಮಾಡಿ ನೋಡಿದರೆ ಮೇಜಿನ ಮೇಲೆ ದೂರ ಬೀಳೋದು ನಡುವಿನ ತೂತಿನ ನೀರು!

ಇದನ್ನೇ ಹಿಡಕೊಂಡು ಇವತ್ತು ನಾವು ಅಷ್ಟಾಗಿ ಯೋಚಿಸದ ಒಂದು ವಿಷಯ ಮಾತಾಡೋಣ. ನಮಗೆ ಫಿಸಿಕ್ಸ್ ಕಲಿಸಿದ ಮಾಸ್ತರಿಗೆ ಕಲಿಸೋರು ಯಾರು? ಕೆಲಸಕ್ಕೆ ಸೇರಿದ ಮೇಲೆ ಅವರಿಗೆ ನಡೆಸುವ ತರಬೇತಿ, ಕಾರ್ಯಾಗಾರಗಳಲ್ಲಿ ಏನಾಗುತ್ತೆ, ಏನಾಗಬೇಕು?

ಮೊದಲು ಬಾಟಲಿ ಲೆಕ್ಕ ಮುಗಿಸೋಣ

ತೂತಿನಿಂದ ಹೊರಬರುವ ನೀರಿನ ವೇಗ ಅದರ ಮೇಲಿರುವ ನೀರಿನ ಆಳದ ವರ್ಗಮೂಲಕ್ಕೆ ತಕ್ಕಂತೆ ಇರುತ್ತೆ. ಇದು ಟಾರಿಸೆಲ್ಲಿ ಹೇಳಿದ ನಿಯಮ. ನೀರು ಮೇಜಿಗೆ ಬೀಳೋಕೆ ತಗೊಳ್ಳೋ ಸಮಯ ತೂತು ಮೇಜಿನಿಂದ ಎಷ್ಟು ಎತ್ತರದಲ್ಲಿದೆ ಅನ್ನೋದರ ವರ್ಗಮೂಲಕ್ಕೆ ತಕ್ಕಂತೆ. ದೂರ ಅಂದರೆ ವೇಗ ಮತ್ತು ಸಮಯದ ಗುಣಲಬ್ಧ. ಎರಡನ್ನೂ ಸೇರಿಸಿದರೆ, ಆಳವನ್ನು ಎತ್ತರದಿಂದ ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ದೂರ ಸಿಗುತ್ತೆ.

ನೀರಿನ ಮಟ್ಟ 24 ಸೆಂಟಿಮೀಟರ್ ಇರಲಿ. ಮೇಜಿನಿಂದ 6, 12 ಮತ್ತು 18 ಸೆಂಟಿಮೀಟರ್ ಎತ್ತರದಲ್ಲಿ ತೂತುಗಳು. ಕೆಳಗಿನದಕ್ಕೆ ಆಳ 18, ಎತ್ತರ 6, ಗುಣಲಬ್ಧ 108. ನಡುವಿನದಕ್ಕೆ 12 ಮತ್ತು 12, 144. ಮೇಲಿನದಕ್ಕೆ 6 ಮತ್ತು 18, ಮತ್ತೆ 108. ಅಂದರೆ ನಡುವಿನ ನೀರು 24 ಸೆಂಟಿಮೀಟರ್ ದೂರ, ಉಳಿದೆರಡೂ ಸುಮಾರು 20.8 ಸೆಂಟಿಮೀಟರ್ ದೂರದಲ್ಲಿ ಒಂದೇ ಜಾಗಕ್ಕೆ! ಕೆಳಗಿನ ನೀರಿಗೆ ವೇಗ ಇದೆ, ಆದರೆ ಹಾರೋಕೆ ಸಮಯವೇ ಇಲ್ಲ. ಮೇಲಿನ ನೀರಿಗೆ ಸಮಯ ಇದೆ, ವೇಗ ಇಲ್ಲ. ನಿಜವಾಗಿ ಮಾಡುವಾಗ ತೂತಿನ ಅಂಚಿನ ಘರ್ಷಣೆಯಿಂದ ಸಂಖ್ಯೆಗಳು ಸ್ವಲ್ಪ ಕಮ್ಮಿ ಬರುತ್ತವೆ. ಮಟ್ಟ ಇಳಿಯದಂತೆ ಮೇಲಿನಿಂದ ನೀರು ಹಾಕ್ತಾ ಇರಬೇಕು.

ಹಾಗಾದರೆ ಕೆಳಗಿನ ನೀರು ದೂರ ಹೋಗುವ ಚಿತ್ರ ಸುಳ್ಳಾ? ಅದೂ ಅಲ್ಲ. ಅದೇ ಬಾಟಲಿಯನ್ನು 60 ಸೆಂಟಿಮೀಟರ್ ಎತ್ತರದ ಸ್ಟೂಲಿನ ಅಂಚಿಗೆ ಇಟ್ಟು, ನೀರು ನೆಲಕ್ಕೆ ಬೀಳೋ ಹಾಗೆ ಮಾಡಿ. ಈಗ ಕೆಳಗಿನ ನೀರು ಸುಮಾರು 69 ಸೆಂಟಿಮೀಟರ್, ನಡುವಿನದು 59, ಮೇಲಿನದು 43. ಈಗ ಕೆಳಗಿನದೇ ಗೆದ್ದಿತು. ಚಿತ್ರ ಸರಿಯೋ ತಪ್ಪೋ ಅನ್ನೋದು ನೀರನ್ನು ಎಲ್ಲಿ ಹಿಡೀತೀರಿ ಅನ್ನೋದರ ಮೇಲಿದೆ.

ಈಗ ಒಂದು ತರಗತಿ ಊಹಿಸಿಕೊಳ್ಳಿ. ಮಾಸ್ತರು ಬೋರ್ಡಿನ ಮೇಲೆ ಚಿತ್ರ ಬಿಡಿಸಿದ್ದಾರೆ. ಹಿಂದಿನ ಬೆಂಚಿನ ಹುಡುಗಿ ಮನೆಯಲ್ಲಿ ಬಾಟಲಿ ತೂತು ಮಾಡಿ ನೋಡಿ ಬಂದಿದ್ದಾಳೆ. "ಸರ್, ನಡುವಿಂದು ದೂರ ಬಿತ್ತಲ್ರೀ?" ಅಂತಾಳೆ. ಮಾಸ್ತರು ಮೂರು ರೀತಿ ಉತ್ತರ ಕೊಡಬಹುದು. ಒಂದು, "ಪುಸ್ತಕದಾಗ ಇದ್ದಂಗ ಬರಿ, ಪರೀಕ್ಷೆಗೆ ಅದ ಬರ್ತದ." ಎರಡು, "ನೀ ತೂತು ಸರಿ ಹಾಕಿಲ್ಲ." ಮೂರು, "ಹೌದಾ? ಬಾ ತಂಗಿ, ಆ ಸ್ಟೂಲ್ ತಗೊಂಡು ಬಾ, ಎಲ್ಲಾರೂ ನೋಡೂಣು."

ಮೂರನೇ ಉತ್ತರ ಕೊಡೋಕೆ ಮಾಸ್ತರು ಸ್ವತಃ ಆ ಬಾಟಲಿ ಹಿಡಿದು, ನೀರು ನಡುವಿನಿಂದ ದೂರ ಬಿದ್ದಾಗ ಬೆರಗಾಗಿ, ಯಾಕೆ ಅಂತ ತಲೆ ಕೆಡಿಸಿಕೊಂಡಿರಬೇಕು. ಟಾರಿಸೆಲ್ಲಿ ನಿಯಮ ಡಿಗ್ರಿಯಲ್ಲಿ ಓದಿದ್ದರೆ ಸಾಲದು. 1986ರಲ್ಲಿ ಅಮೆರಿಕದ ಶಿಕ್ಷಣತಜ್ಞ ಲೀ ಶುಲ್‌ಮನ್ ಇದಕ್ಕೊಂದು ಹೆಸರಿಟ್ಟರು. ವಿಷಯ ಗೊತ್ತಿರೋದು ಒಂದು ಜ್ಞಾನ, ಪಾಠ ಮಾಡೋ ಸಾಮಾನ್ಯ ಕಲೆ ಇನ್ನೊಂದು. ಇವೆರಡೂ ಅಲ್ಲದೆ, ಈ ವಿಷಯವನ್ನು ಕಲಿಯುವಾಗ ಮಕ್ಕಳು ಎಲ್ಲಿ ಎಡವುತ್ತಾರೆ, ಆಗ ಏನು ಮಾಡಿದರೆ ದಾರಿಗೆ ಬರುತ್ತಾರೆ ಅನ್ನೋದು ಮೂರನೇ ಜ್ಞಾನ. ಫಿಸಿಕ್ಸ್ ಶಿಕ್ಷಕರ ಕಾರ್ಯಾಗಾರದ ನಿಜವಾದ ಕೆಲಸ ಈ ಮೂರನೆಯದನ್ನು ಕೊಡೋದು.

ಮುನವಳ್ಳಿಯಿಂದ ನೋಡಿದರೆ

ಬಾಟಲಿಯ ಪ್ರಶ್ನೆ ದೊಡ್ಡದಾಗಿ ಕಣ್ಣೆದುರೇ ನಿಂತಿರುವ ಊರುಗಳಿವೆ. ಸವದತ್ತಿ ತಾಲ್ಲೂಕಿನ ಮುನವಳ್ಳಿ ಅಂಥ ಒಂದು ಊರು. ಮಲಪ್ರಭಾ ನದಿ ದಂಡೆಯ ಊರು, ಪಂಚಲಿಂಗೇಶ್ವರ ಗುಡಿಯ ಊರು. ಸ್ವಲ್ಪ ಮೇಲೆ ಹೋದರೆ ನವಿಲುತೀರ್ಥದ ಅಣೆಕಟ್ಟು, ಅದರ ಹಿಂದೆ ರೇಣುಕಾಸಾಗರ. ಡ್ಯಾಮಿನ ಗೇಟ್ ತೆಗೆದರೆ ಮುನವಳ್ಳಿ, ರಾಮದುರ್ಗದ ಕಡೆ ಜನ ಹೊಳೆ ನೋಡ್ತಾ ನಿಲ್ಲಬೇಕು. ಒತ್ತಡ, ಹರಿವು, ಶಕ್ತಿ ಅನ್ನೋದು ಆ ಮಕ್ಕಳಿಗೆ ಬರೀ ಪುಸ್ತಕದ ಪಾಠ ಅಲ್ಲ.

ಅಲ್ಲಿನ ಹೈಸ್ಕೂಲ್ ಮಕ್ಕಳಿಗೆ ಈ ಪ್ರಶ್ನೆ ಕೇಳಬಹುದು: ಹಿನ್ನೀರು ಹತ್ತು ಕಿಲೋಮೀಟರ್ ಉದ್ದ ಇದ್ದರೂ, ಒಂದೇ ಕಿಲೋಮೀಟರ್ ಇದ್ದರೂ, ಆಳ ಅಷ್ಟೇ ಇದ್ದರೆ ಡ್ಯಾಮಿನ ಗೋಡೆ ಮೇಲೆ ಬೀಳುವ ಒತ್ತಡ ಬೇರೆ ಆಗುತ್ತಾ? "ಅಷ್ಟೊಂದು ನೀರು ನೂಕತೈತಲ್ರೀ, ಹೆಚ್ಚ ಆಗ್ಲೇಬೇಕು" ಅನ್ನೋದು ಸಹಜ ಉತ್ತರ. ಆದರೆ ನಿಂತ ನೀರಿನ ಒತ್ತಡ ಉದ್ದದ ಲೆಕ್ಕ ಇಡೋದಿಲ್ಲ, ಆಳದ ಲೆಕ್ಕ ಮಾತ್ರ ಇಡುತ್ತೆ. ಸುಮಾರು ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತೆ. ಸಿವಿಲ್ ಬ್ರಾಂಚಿನವರಿಗೆ ಇದು ಹಳೇ ಕಥೆ. ಆದರೆ ಹತ್ತನೇ ತರಗತಿಯ ಹುಡುಗನಿಗೆ ಇದನ್ನು ನಂಬಿಸೋದು ಹೇಗೆ? "ನಿಯಮ ಹಂಗ ಹೇಳ್ತದ" ಅಂದರೆ ಆತ ಬರಕೋತಾನೆ, ನಂಬೋದಿಲ್ಲ.

ಭಾಷೆಯದೂ ಒಂದು ಕಥೆ. ದಿನದ ಮಾತಿನಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಒಂದೇ ಅರ್ಥದಲ್ಲಿ ಬಳಸ್ತೀವಿ. "ಎತ್ತಿಗೆ ಶಕ್ತಿ ಐತಿ" ಅಂದರೂ ಅದೇ, "ಬಲ ಐತಿ" ಅಂದರೂ ಅದೇ. ಫಿಸಿಕ್ಸ್ ಪುಸ್ತಕದಲ್ಲಿ ಬಲದ ಮಾನ ನ್ಯೂಟನ್, ಶಕ್ತಿಯದು ಜೂಲ್, ಸಾಮರ್ಥ್ಯದ್ದು ವ್ಯಾಟ್. ಮೂರೂ ಬೇರೆ ಬೇರೆ. ಜವ ಮತ್ತು ವೇಗದ ಗತಿಯೂ ಇದೇ. ಊರಲ್ಲಿ ಎರಡೂ "ಸ್ಪೀಡು". ಇಷ್ಟು ಪದಗಳನ್ನು ಕಷ್ಟಪಟ್ಟು ಕಲಿತ ಕನ್ನಡ ಮಾಧ್ಯಮದ ಮಕ್ಕಳು ಪಿಯುಸಿ ಸೈನ್ಸ್‌ಗೆ ಬಂದರೆ ಎಲ್ಲವೂ ಇಂಗ್ಲಿಷ್. ವೇಗೋತ್ಕರ್ಷ ಹೋಗಿ ಆಕ್ಸಿಲರೇಷನ್, ಸಂವೇಗ ಹೋಗಿ ಮೊಮೆಂಟಮ್. ಪರಿಕಲ್ಪನೆ ಗಟ್ಟಿ ಇದ್ದವರು ಪದ ಬದಲಾಯಿಸಿಕೊಂಡು ಮುಂದೆ ಹೋಗ್ತಾರೆ. ಬರೀ ವ್ಯಾಖ್ಯೆ ಬಾಯಿಪಾಠ ಮಾಡಿದವರು ಅಲ್ಲೇ ನಿಲ್ತಾರೆ. "ಫಿಸಿಕ್ಸ್ ನನಗಲ್ಲ" ಅಂತ ಹದಿನಾರನೇ ವಯಸ್ಸಿಗೇ ತೀರ್ಮಾನ ಮಾಡಿಬಿಡ್ತಾರೆ. ಅಂಥವರು ನಮ್ಮ ಪಕ್ಕದ ಬೆಂಚಿನಲ್ಲಿ ಇರಬಹುದಿತ್ತು.

ಇನ್ನು ಮಾಸ್ತರ ಕಡೆಯಿಂದ ನೋಡಿ. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಫಿಸಿಕ್ಸ್‌ಗೇ ಅಂತ ಬೇರೆ ಶಿಕ್ಷಕರಿರೋದಿಲ್ಲ. ಇರೋದು ಪಿಸಿಎಂ ಶಿಕ್ಷಕರು. ಅವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರ ಹೊಣೆ. ಎಸ್ಸೆಸ್ಸೆಲ್ಸಿ ಗಣಿತದ ಫಲಿತಾಂಶದ ಚಿಂತೆಯೂ ಅವರದೇ. ಇದರ ನಡುವೆ ಬಾಟಲಿ ತೂತು ಮಾಡೋಕೆ ಪುರುಸೊತ್ತು ಎಲ್ಲಿಂದ ಬರಬೇಕು? ಅದಕ್ಕೇ ತರಬೇತಿಯ ದಿನಗಳು ಬೆಲೆಯುಳ್ಳವು. ಆ ದಿನ ಅವರಿಗೆ ಪಾಠ ಇಲ್ಲ, ಗಂಟೆ ಇಲ್ಲ. ಆ ಸಮಯವನ್ನು ಹೇಗೆ ಬಳಸ್ತೀವಿ ಅನ್ನೋದರಲ್ಲೇ ಎಲ್ಲ ಇದೆ.

ಮೇಲಿಂದ ಕೆಳಗೆ ಬರುವಾಗ

ವ್ಯವಸ್ಥೆ ಇಲ್ಲ ಅಂತಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗಳಲ್ಲಿ ಡಯಟ್‌ಗಳು ಬಂದವು. ತಾಲ್ಲೂಕಿಗೆ ಬಿಆರ್‌ಸಿ, ಅದರ ಕೆಳಗೆ ಕ್ಲಸ್ಟರ್‌ಗೊಬ್ಬ ಸಿಆರ್‌ಪಿ. ಮೈಸೂರಿನಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. 2020ರ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯ ಕಲಿಕೆಯಲ್ಲಿ ತೊಡಗಬೇಕು ಅನ್ನುತ್ತೆ.

ತೊಂದರೆ ಇರೋದು ತಲುಪಿಸುವ ರೀತಿಯಲ್ಲಿ. ದೊಡ್ಡ ತರಬೇತಿಗಳು ಸಾಮಾನ್ಯವಾಗಿ ಮೆಟ್ಟಿಲು ಇಳಿದು ಬರ್ತವೆ. ತಜ್ಞರು ರಾಜ್ಯಮಟ್ಟದ ಸಂಪನ್ಮೂಲ ವ್ಯಕ್ತಿಗಳಿಗೆ ಕಲಿಸ್ತಾರೆ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ಶಿಕ್ಷಕರಿಗೆ. ಇಲೆಕ್ಟ್ರಾನಿಕ್ಸ್‌ನವರಿಗೆ ಹೇಳಬೇಕಾಗಿಲ್ಲ. ಪ್ರತಿ ಹಂತದಲ್ಲಿ ಸಿಗ್ನಲ್‌ನ 80 ಭಾಗ ಮಾತ್ರ ದಾಟುತ್ತೆ ಅಂತ ಇಟ್ಟುಕೊಳ್ಳಿ. ಮೂರು ಹಂತ ದಾಟುವಷ್ಟರಲ್ಲಿ ಉಳಿಯೋದು 51 ಭಾಗ. ಇದು ಬರೀ ಉದಾಹರಣೆಗೆ ಹಾಕಿದ ಲೆಕ್ಕ. ಆದರೆ ಏನು ಸೋರಿಹೋಗುತ್ತೆ ಅನ್ನೋದು ಇನ್ನೂ ಮುಖ್ಯ. ಸ್ಲೈಡುಗಳು ಹಾಗೇ ಕೆಳಗೆ ಬರ್ತವೆ, ಪೆನ್‌ಡ್ರೈವ್‌ನಲ್ಲಿ ಏನೂ ಸೋರಲ್ಲ. ಸೋರಿಹೋಗೋದು ಕೈಕೆಲಸ, ತಪ್ಪು ಊಹೆ, ವಾದ, "ಅರೆ, ಹೀಗ್ಯಾಕಾಯ್ತು?" ಅನ್ನೋ ಗಳಿಗೆ. ಅಂದರೆ ಆ ಮೂರನೇ ಜ್ಞಾನ.

ಕೈಗೆ ಉಪಕರಣ ಕೊಟ್ಟವರು

ಬೇರೆ ದಾರಿ ಹಿಡಿದವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. ಮೈಸೂರಿನಲ್ಲಿ ನೆಲೆಸಿದ ಭೌತವಿಜ್ಞಾನಿ ಪ್ರೊ. ಆರ್. ಶ್ರೀನಿವಾಸನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ದೇಶದ ಇತರ ವಿಜ್ಞಾನ ಅಕಾಡೆಮಿಗಳ ಬೆಂಬಲದಿಂದ ಕಾಲೇಜು ಶಿಕ್ಷಕರಿಗಾಗಿ ಪ್ರಾಯೋಗಿಕ ಭೌತಶಾಸ್ತ್ರದ ಪುನಶ್ಚೇತನ ಶಿಬಿರಗಳನ್ನು ರೂಪಿಸಿದರು. ಸುಮಾರು ಎರಡು ವಾರದ ಶಿಬಿರ. ಭಾಷಣ ಕಡಿಮೆ, ದಿನದ ಹೆಚ್ಚಿನ ಹೊತ್ತು ಮೇಷ್ಟ್ರುಗಳೇ ಪ್ರಯೋಗ ಮಾಡಬೇಕು. ಹಿತ್ತಾಳೆ ಸರಳಿನಲ್ಲಿ ಶಾಖ ಹರಡುವ ಪರಿ ಅಳೆಯೋದರಿಂದ ಹಿಡಿದು ಲಾಕ್-ಇನ್ ಆಂಪ್ಲಿಫೈಯರ್ ಬಳಸೋದರವರೆಗೆ. ದುಬಾರಿ ಉಪಕರಣಕ್ಕೆ ಕಾಯಬಾರದು ಅಂತ ಕಡಿಮೆ ಖರ್ಚಿನ ಕಿಟ್ ಕೂಡ ತಯಾರಾಯಿತು. ಇದರ ಅರ್ಥ ಇಷ್ಟೇ: ಶಿಬಿರದಲ್ಲಿ ಮಾಡಿದ್ದನ್ನೇ ಕಾಲೇಜಿಗೆ ಹೋಗಿಯೂ ಮಾಡಬಹುದು.

ಶಾಲೆ ಮತ್ತು ಪಿಯು ಮಟ್ಟಕ್ಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ, ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರ ಇದೆ. ವಿಜ್ಞಾನ ಶಿಕ್ಷಕರು ಅಲ್ಲೇ ಉಳಿದು, ಲ್ಯಾಬಿನಲ್ಲಿ ಸ್ವತಃ ಪ್ರಯೋಗ ಮಾಡಿ ಕಲೀತಾರೆ. ಇನ್ನೊಂದು ಕಡೆ, 1984ರಲ್ಲಿ ಡಿ.ಪಿ. ಖಂಡೇಲ್‌ವಾಲ್ ಕಟ್ಟಿದ ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘ ದೇಶದುದ್ದಕ್ಕೂ ಶಿಕ್ಷಕರನ್ನು ಒಂದುಗೂಡಿಸುತ್ತೆ. ಸಿಇಟಿ, ಜೆಇಇಗೆ ಓದುವಾಗ ನಾವೆಲ್ಲ ತಿರುವಿ ಹಾಕಿದ ಪುಸ್ತಕದ ಲೇಖಕ ಎಚ್.ಸಿ. ವರ್ಮಾ ಅವರ ನೇತೃತ್ವದ 'ಅನ್ವೇಷಿಕಾ' ಜಾಲ ಈ ಸಂಘದ ಅಡಿಯಲ್ಲೇ ನಡೆಯೋದು. ಕೈಗೆ ಸಿಗುವ ಸಾಮಾನಿನಿಂದಲೇ ಪ್ರಯೋಗ ಮಾಡಿಸೋದು ಅದರ ರೀತಿ.

ಶಿಬಿರ ಮುಗಿದ ಮೇಲೆ ಏನು?

ಶಿಬಿರ ಎಷ್ಟೇ ಚೆನ್ನಾಗಿರಲಿ, ಸೋಮವಾರ ಮತ್ತೆ ಅದೇ ಶಾಲೆ, ಅದೇ ಸಿಲಬಸ್. ಆಗ ಹುರುಪು ಎಷ್ಟು ದಿನ ಉಳೀಬಹುದು? ಇದಕ್ಕೆ ಉತ್ತರ ಹುಡುಕಿದವರು ಮಧ್ಯಪ್ರದೇಶದ ಹೊಷಂಗಾಬಾದಿನವರು. 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ಹೊಷಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲಿ ಬೇಸಿಗೆ ರಜೆಯಲ್ಲಿ ಶಿಕ್ಷಕರಿಗೆ ಮೂರು ವಾರದ ತರಬೇತಿ ಇರುತ್ತಿತ್ತು. ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳೂ ಬಂದು ಜೊತೆಗೆ ಕೂರುತ್ತಿದ್ದರು. ಅದಕ್ಕಿಂತ ಮುಖ್ಯ ಅಂದರೆ, ಶಾಲೆ ಶುರುವಾದ ಮೇಲೆ ಶಿಕ್ಷಕರು ತಿಂಗಳಿಗೊಮ್ಮೆ ಸೇರುತ್ತಿದ್ದರು. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು, ಯಾವ ಪಾಠ ಬದಲಾಗಬೇಕು ಅಂತ ಚರ್ಚೆ. ಆ ಮಾತುಗಳಿಂದ ಪುಸ್ತಕಗಳೂ ತಿದ್ದುಪಡಿ ಆದವು. ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು, ಆದರೆ ಮೂವತ್ತು ವರ್ಷ ನಡೆದ ಆ ಕೆಲಸ ಒಂದು ಮಾತು ತೋರಿಸಿಕೊಟ್ಟಿತು: ತರಬೇತಿ ಅಂದರೆ ಒಂದು ಸಲ ಹಾಕಿಸುವ ಇಂಜೆಕ್ಷನ್ ಅಲ್ಲ.

ಅಳೆದು ನೋಡಿದಾಗ

"ಇದೆಲ್ಲಾ ಸರಿ, ಡೇಟಾ ಎಲ್ಲಿ?" ಅಂತೀರಾ? ಅದೂ ಇದೆ. 1992ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಡೇವಿಡ್ ಹೆಸ್ಟೆನಿಸ್ ಮತ್ತು ಜೊತೆಗಾರರು ಬಲದ ಪರಿಕಲ್ಪನೆ ಪರೀಕ್ಷಿಸುವ ಸುಮಾರು 30 ಪ್ರಶ್ನೆಗಳ ಒಂದು ಪತ್ರಿಕೆ ಪ್ರಕಟಿಸಿದರು. ಲೆಕ್ಕ ಇಲ್ಲ, ಸೂತ್ರ ಇಲ್ಲ. ದೊಡ್ಡ ಟ್ರಕ್ಕು ಸಣ್ಣ ಕಾರಿಗೆ ಗುದ್ದಿದರೆ ಯಾವುದರ ಮೇಲೆ ಹೆಚ್ಚು ಬಲ, ಇಂಥ ಪ್ರಶ್ನೆಗಳು. ನಮ್ಮ ಕಡೆ ಆದರೆ ಕಬ್ಬಿನ ಟ್ರ್ಯಾಕ್ಟರ್ ಮತ್ತು ಬೈಕು ಅನ್ನಬಹುದು. ತಪ್ಪು ಆಯ್ಕೆಗಳನ್ನೂ ವಿದ್ಯಾರ್ಥಿಗಳ ಸಹಜ ತಪ್ಪು ನಂಬಿಕೆಗಳಿಂದಲೇ ಆರಿಸಿದ್ದರು. ಸರಿ ಉತ್ತರ: ಎರಡರ ಮೇಲೂ ಸಮಾನ ಬಲ. ಮೂರನೇ ನಿಯಮ ಬಾಯಿಪಾಠ ಇದ್ದವರೂ ಇಲ್ಲಿ ಬೀಳ್ತಾರೆ.

1998ರಲ್ಲಿ ರಿಚರ್ಡ್ ಹೇಕ್ ಇಂಥ ಪರೀಕ್ಷೆಗಳನ್ನು ಬರೆದ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕ ಒಟ್ಟುಗೂಡಿಸಿದರು. ಅವರ ಅಳತೆ ಸರಳ: ಕಲಿಯೋಕೆ ಎಷ್ಟು ಬಾಕಿ ಇತ್ತೋ, ಅದರಲ್ಲಿ ಎಷ್ಟು ಕಲಿತರು? ಬರೀ ಉಪನ್ಯಾಸದ ಕೋರ್ಸುಗಳಲ್ಲಿ ಸರಾಸರಿ 0.23. ವಿದ್ಯಾರ್ಥಿಗಳು ಊಹಿಸಿ, ಚರ್ಚಿಸಿ, ಮಾಡಿ ನೋಡುವ ಕೋರ್ಸುಗಳಲ್ಲಿ 0.48. ಅಂದರೆ ಶುರುವಿನಲ್ಲಿ ನೂರಕ್ಕೆ 40 ತೆಗೆದ ತರಗತಿ ಉಪನ್ಯಾಸ ಕೇಳಿ ಸುಮಾರು 54ಕ್ಕೆ ಬರುತ್ತೆ. ಎರಡನೇ ರೀತಿಯಲ್ಲಿ ಸುಮಾರು 69ಕ್ಕೆ. ಇದು ಅಮೆರಿಕದ ತರಗತಿಗಳ ಲೆಕ್ಕ, ಅಳೆದದ್ದು ಪಾಠದ ವಿಧಾನವನ್ನು. ಆದರೆ ಬರೀ ಉಪನ್ಯಾಸದಿಂದ ಮಕ್ಕಳು ಇಷ್ಟು ಕಡಿಮೆ ಕಲಿಯೋದಾದರೆ, ಮಾಸ್ತರಿಗೂ ಉಪನ್ಯಾಸದ ತರಬೇತಿಯನ್ನೇ ಕೊಟ್ಟು ಬೇರೆ ಫಲ ಬಯಸೋದು ಹೇಗೆ?

ಹೆಸ್ಟೆನಿಸ್ ಮತ್ತು ಮಾಲ್ಕಮ್ ವೆಲ್ಸ್ ಎಂಬ ಹೈಸ್ಕೂಲ್ ಶಿಕ್ಷಕರ ಕೆಲಸದಿಂದ ಬೆಳೆದ ಬೇಸಿಗೆ ಕಾರ್ಯಾಗಾರಗಳು ಇದಕ್ಕೇ ಒಂದು ಉಪಾಯ ಮಾಡಿದವು. ಶಿಕ್ಷಕರು ಮೊದಲು ವಿದ್ಯಾರ್ಥಿಗಳ ಹಾಗೆ ಕೂತು ಪ್ರಯೋಗ ಮಾಡಬೇಕು, ತಮ್ಮ ಊಹೆಯನ್ನು ಬೋರ್ಡಿನ ಮೇಲೆ ಬರೆದು ಎಲ್ಲರೆದುರು ಸಮರ್ಥಿಸಬೇಕು. ಆಮೇಲೆ ಅದೇ ಪಾಠವನ್ನು ಶಿಕ್ಷಕರಾಗಿ ನಡೆಸಬೇಕು.

ಹೀಗೆ ನೋಡಿದರೆ ಒಳ್ಳೇ ಕಾರ್ಯಾಗಾರವನ್ನು ಗುರುತಿಸೋಕೆ ನಾಲ್ಕು ಪ್ರಶ್ನೆ ಸಾಕು. ಮಾಸ್ತರ ಕೈ ಒದ್ದೆ ಆಯಿತಾ, ಅಂದರೆ ಅವರೇ ಪ್ರಯೋಗ ಮಾಡಿದರಾ? ಮೊದಲು ಊಹಿಸಿ ಆಮೇಲೆ ನೋಡಿದರಾ? ಅಲ್ಲಿ ಬಳಸಿದ ಸಾಮಾನು ಅವರ ಶಾಲೆಯಲ್ಲಿ ಸಿಗುತ್ತಾ? ಎರಡು ತಿಂಗಳ ಮೇಲೆ ಅದೇ ಗುಂಪು ಮತ್ತೆ ಸೇರುತ್ತಾ? ನಾಲ್ಕಕ್ಕೂ 'ಇಲ್ಲ' ಅಂತ ಬಂದರೆ ಅಲ್ಲಿ ನಡೆದದ್ದು ಹಾಜರಿ, ಊಟ ಮತ್ತು ಪ್ರಮಾಣಪತ್ರ.

ನಮಗೇನು ಸಂಬಂಧ?

ಸಂಬಂಧ ಇದೆ. ನಮ್ಮ ಕೈಯಲ್ಲಿ ಮಾಸ್ತರಿಗೆ ಇಲ್ಲದ ಕೆಲವು ಅನುಕೂಲಗಳಿವೆ: ವರ್ಕ್‌ಶಾಪ್, ಸೋಲ್ಡರಿಂಗ್ ಕಬ್ಬಿಣ, ರಜೆ. ಜರ್ಮನಿಯ ಆಹನ್ ವಿಶ್ವವಿದ್ಯಾಲಯದವರು ಮಾಡಿದ 'ಫೈಫಾಕ್ಸ್' ಎಂಬ ಉಚಿತ ಆ್ಯಪ್ ಇದೆ. ಅದು ಫೋನಿನೊಳಗಿನ ಸೆನ್ಸರುಗಳನ್ನೇ ಲ್ಯಾಬ್ ಮಾಡಿಬಿಡುತ್ತೆ. ಶಬ್ದದಿಂದ ಓಡುವ ಅದರ ಸ್ಟಾಪ್‌ವಾಚ್ ಬಳಸಿ, ಗೋಲಿ ಬೀಳೋ ಸಮಯ ಅಳೆದು ಗುರುತ್ವ ವೇಗೋತ್ಕರ್ಷ ಕಂಡುಹಿಡೀಬಹುದು. ದಿಲ್ಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ರೂಪಿಸಿದ 'ಎಕ್ಸ್‌ಪೈಸ್' ಎಂಬ ಪುಟ್ಟ ಪೆಟ್ಟಿಗೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಆಸಿಲೋಸ್ಕೋಪಿನ ಕೆಲಸ ಮಾಡುತ್ತೆ. ಇವನ್ನು ಜೋಡಿಸಿ, ಕನ್ನಡದಲ್ಲಿ ಒಂದೊಂದು ಪುಟದ ಕೈಪಿಡಿ ಬರೆಯೋದು ನಮ್ಮಿಂದ ಆಗದ ಕೆಲಸ ಅಲ್ಲ.

ಆದರೆ ಒಂದು ಎಚ್ಚರ. ಕಿಟ್ ಹಿಡಕೊಂಡು ಶಾಲೆಗೆ ನುಗ್ಗಿ, ಒಂದು ಗಂಟೆ ಮಕ್ಕಳನ್ನು ಬೆರಗುಗೊಳಿಸಿ, ಫೋಟೋ ತಗೊಂಡು ಬಂದರೆ ಏನೂ ಉಳಿಯೋದಿಲ್ಲ. ನಾವು ಹೋಗೋದು ವರ್ಷಕ್ಕೊಂದು ದಿನ, ಮಾಸ್ತರು ಇರೋದು ವರ್ಷವಿಡೀ. ಅದಕ್ಕೇ ಮೊದಲು ಕೂತು ಮಾತಾಡಬೇಕಾದ್ದು ಅವರ ಜೊತೆ. ಯಾವ ಪಾಠದಲ್ಲಿ ಮಕ್ಕಳು ಸಿಕ್ಕಿಹಾಕಿಕೊಳ್ತಾರೆ, ಲ್ಯಾಬಿನ ಬೀರುವಿನಲ್ಲಿ ಏನು ಕೆಟ್ಟು ಕೂತಿದೆ, ಯಾವುದು ಇದ್ದಿದ್ದರೆ ಚೆನ್ನಾಗಿತ್ತು ಅಂತ ಕೇಳಬೇಕು. ಅವರ ಜೊತೆ ಸೇರಿ ಮಾಡಿ, ಅವರ ಕೈಗೇ ಕೊಟ್ಟು ಬರಬೇಕು. ಎರಡು ತಿಂಗಳು ಬಿಟ್ಟು ಮತ್ತೆ ಹೋಗಬೇಕು.

ಈ ಸಲ ಊರಿಗೆ ಹೋದಾಗ ನಿಮ್ಮ ಹಳೇ ಹೈಸ್ಕೂಲಿನ ಕಡೆ ಹೋಗಿ ಬನ್ನಿ. "ಸರ್, ಹ್ಯಾಂಗದೀರಿ?" ಅಂದ ಮೇಲೆ ಇದೊಂದು ಪ್ರಶ್ನೆ ಕೇಳಿ: "ನಿಮ್ಮ ಟ್ರೇನಿಂಗಿನ್ಯಾಗ ಏನ್ ಇದ್ದಿದ್ರ ಛಲೋ ಇತ್ರೀ?" ಬಂದ ಉತ್ತರವನ್ನು ನಮ್ಮ ಬಳಗಕ್ಕೆ ಬರೆದು ಕಳಿಸಿ. ಏನು ಮಾಡಬೇಕು ಅನ್ನೋ ಪಟ್ಟಿ ಅಲ್ಲಿಂದಲೇ ಶುರುವಾಗಲಿ.